ನಿಷ್ಪಕ್ಷಪಾತಿ ಓದುಗ

ಮಧುಶ್ರೀಯ ಗಂಡ ಸಮರ್ಥ ಹನ್ನೊಂದು ವರ್ಷದ ಸಂಸಾರದಲ್ಲಿ ಹೆಂಡತಿಯ ಒಂದೇ ಒಂದು ಕವನವನ್ನೂ ಕೊನೆಯ ಸಾಲಿನವರೆಗೆ ಓದಿದವನಲ್ಲ. ಎರಡನೆಯ ಸಾಲಿಗೇ "ಚೆನ್ನಾಗಿದೆ ಕಣೆ, ಪ್ರಾಸ ಬಂದಿದೆ" ಎಂದು ಸರ್ಟಿಫಿಕೇಟು ಕೊಟ್ಟು ಎದ್ದುಬಿಡುವ ಗಿರಾಕಿ. ಅಂಥವನು ಭಾನುವಾರ ಬೆಳಿಗ್ಗೆ ಬಹರೈನ್‌ನ ಸನದ್ ಬಡಾವಣೆಯಲ್ಲಿರುವ ತಮ್ಮ ಫ್ಲ್ಯಾಟಿನಲ್ಲಿ, ತಟ್ಟೆಯಲ್ಲಿ ದೋಸೆ ಆರಿ ರಟ್ಟಾಗುತ್ತಿದ್ದರೂ ಲಕ್ಷ್ಯವಿಲ್ಲದೆ, ಮೊಬೈಲು ನೋಡುತ್ತ ಕಣ್ಣೊರೆಸಿಕೊಂಡ.

"ಏನ್ರೀ ಆಯ್ತು? ಊರಿಂದ ಏನಾದ್ರೂ ಸುದ್ದಿ ಬಂತಾ?" ಮಧುಶ್ರೀ ಗಾಬರಿಯಾದಳು.

"ಏನಿಲ್ವೇ. ಸಿರಿದೇವಿ ಚೆನ್ನವೀರನಿಗೆ ಕರಾರು ಪತ್ರ ವಾಪಸ್ ಕೊಟ್ಬಿಟ್ಲು. ಪಾಪ, ಅವನು ಒಂದು ಮಾತೂ ಆಡ್ಲಿಲ್ಲ."

ಸಿರಿದೇವಿ, ಚೆನ್ನವೀರ ಇವರ ನೆಂಟರೇನಲ್ಲ. ಆನ್ಸಿ ಎಂಬ ನರ್ಸು ಬರೆದು ಮೊಬೈಲಿನ ಕಥೆಗಳ ಆ್ಯಪಿನಲ್ಲಿ ಹಾಕಿದ 'ಕರಾರಿನ ಕಂಕಣ' ಎಂಬ ಕಾದಂಬರಿಯ ನಾಯಕಿ, ನಾಯಕ. ಕಥೆ ಮುನ್ನೂರೈವತ್ತು ವರ್ಷ ಹಿಂದಿನದು. ಬಸರೂರಿನ ಅಕ್ಕಿ ಸಾಹುಕಾರ ಗಂಡುಮಕ್ಕಳಿಲ್ಲದೆ ಸಾಯುತ್ತಾನೆ. ಗಂಡಸಿನ ಮುದ್ರೆಯಿಲ್ಲದೆ ಅವನ ಹಡಗು ಬಂದರು ಬಿಡುವಂತಿಲ್ಲ. ಮಗಳು ಸಿರಿದೇವಿ ಎಲ್ಲಿಂದಲೋ ಬಂದ ಕಾವಲುಗಾರನೊಬ್ಬನ ಜೊತೆ ಒಂದು ವರ್ಷದ ಕರಾರು ಬರೆದುಕೊಂಡು ಮದುವೆಯಾಗುತ್ತಾಳೆ. ಆಮೇಲೆ ಆಗಬೇಕಾದ್ದೇ ಆಗುತ್ತದೆ. ಯಾರಿಗೆ ಗೊತ್ತಿಲ್ಲ? ಆದರೂ ಎರಡು ಲಕ್ಷ ಜನ ಓದಿದ್ದರು.

ಆ ಎರಡು ಲಕ್ಷ ಮಧುಶ್ರೀಯ ಎದೆಯ ಮೇಲೆ ಕೂತಿತ್ತು. ಬಹರೈನ್‌ನ ಕನ್ನಡದವರಲ್ಲಿ ಸಾಹಿತಿ ಎಂದರೆ ಅವಳೇ ಎಂಬುದು ಒಂಬತ್ತು ವರ್ಷದಿಂದ ನಡೆದುಕೊಂಡು ಬಂದ ಮಾತು. ಹುಟ್ಟಿದ್ದು ದಾವಣಗೆರೆ, ಮೂರು ಕವನ ಸಂಕಲನ, ಪ್ರತಿ ವರ್ಷದ ಸ್ಮರಣ ಸಂಚಿಕೆಗೆ ಸಂಪಾದಕಿ. ಇನ್ಶೂರೆನ್ಸ್ ಕಂಪನಿಯಲ್ಲಿ ಅವಳದು ಜನ ಕಳಿಸಿದ ಕ್ಲೇಮುಗಳಲ್ಲಿ ತಪ್ಪು ಹುಡುಕುವ ಕೆಲಸ, ಮತ್ತು ಆ ಕೆಲಸವನ್ನು ಅವಳು ಆಫೀಸಿನಲ್ಲೇ ಬಿಟ್ಟು ಬರುತ್ತಿರಲಿಲ್ಲ. ಆನ್ಸಿಯೋ, ಮನೆಯಲ್ಲಿ ಕೊಂಕಣಿ, ಆಸ್ಪತ್ರೆಯಲ್ಲಿ ಹಿಂದಿ, ಇಂಗ್ಲಿಷು, ಅರಬ್ಬಿ, ಎಲ್ಲ ಕಲಸುಮೇಲೋಗರ. ಅವಳ ಕನ್ನಡ ಉಡುಪಿ ಕಡೆಯ ಶಿರ್ವದ ಶಾಲೆಯಲ್ಲಿ ಕಲಿತಷ್ಟೇ. ಹೋದ ವರ್ಷ ನಾಲ್ಕು ನೋಟ್‌ಬುಕ್ಕು ಎದೆಗವಚಿಕೊಂಡು ಬಂದು, "ಮಧು ಅಕ್ಕ, ಎಂತದೋ ಗೀಚಿದ್ದೇನೆ. ನೀವೊಮ್ಮೆ ನೋಡಿ ತಿದ್ದಿ ಕೊಡ್ತೀರಾ?" ಎಂದು ನಿಂತಿದ್ದಳು. ಮಧುಶ್ರೀ ಆರು ತಿಂಗಳು ಅವನ್ನು ಡ್ರಾಯರಿನಲ್ಲಿ ಇಟ್ಟುಕೊಂಡು, ಹಸಿರು ಪೆನ್ನಿನಲ್ಲಿ ತಿದ್ದಿ, ಕೊಡುವಾಗ "ನೋಡಮ್ಮ, ಚಾರಿತ್ರಿಕ ಕಾದಂಬರಿ ಈಗ ಯಾರೂ ಓದಲ್ಲ. ಬೇಜಾರು ಮಾಡ್ಕೋಬೇಡ" ಎಂದು ಬುದ್ಧಿಯನ್ನೂ ಹೇಳಿದ್ದಳು.

ಈಗ ಬೇಜಾರಾಗುವ ಸರದಿ ಯಾರದ್ದಾಯಿತು, ನೋಡಿ.

ಹೊಟ್ಟೆಕಿಚ್ಚಿನವರಿಗೊಂದು ಚಟ ಇರುತ್ತದೆ, ಉರಿಯುವ ಕಡೆಗೇ ಮತ್ತೆ ಮತ್ತೆ ಹೋಗಿ ಮುಟ್ಟಿ ನೋಡುವುದು. ಮಧುಶ್ರೀ ಸಾಹಿಲ್ ಎಂಬ ಸಹೋದ್ಯೋಗಿ ಊಟಕ್ಕೆ ಕರೆದರೂ ಹೋಗದೆ, ಆಫೀಸಿನ ಮೇಜಿನಲ್ಲೇ ಕೂತು ಆ ಕಾದಂಬರಿಯ ಕೆಳಗಿನ ಪ್ರತಿಕ್ರಿಯೆಗಳನ್ನು ಓದುತ್ತಿದ್ದಳು. ತೀರ್ಥಹಳ್ಳಿಯ ಒಬ್ಬ ಟೀಚರು ಚೆನ್ನವೀರ ಸತ್ತರೆ ತಾನು ಆ್ಯಪ್ ಕಿತ್ತು ಎಸೆಯುವುದಾಗಿ ಹೆದರಿಸಿದ್ದಳು. ದುಬೈಯ ಒಬ್ಬಾಕೆ, "ನನ್ನದೂ ಜಾತಕ, ಸಂಬಳ, ವೀಸಾ ನೋಡಿ ಮಾಡಿದ ಮದುವೆ. ಇದನ್ನು ಓದಿದ ಮೇಲೆ ನಿನ್ನೆ ಯಜಮಾನರಿಗೆ ನಾನಾಗಿಯೇ ಚಹಾ ಕೊಟ್ಟೆ" ಎಂದು ಬರೆದಿದ್ದಳು. ಸಿರಿದೇವಿಗೆ ಸೊಕ್ಕು ಜಾಸ್ತಿ ಎಂದು ಒಬ್ಬರು, ಸೊಕ್ಕಿಲ್ಲದಿದ್ದರೆ ಬಂದರು ಆಳುವುದು ಹೇಗೆ ಎಂದು ಇನ್ನೊಬ್ಬರು, ಹೀಗೆ ಇಬ್ಬರು ಗೃಹಿಣಿಯರು ನಲವತ್ತು ಸಂದೇಶಗಳಷ್ಟು ಜಗಳವಾಡಿದ್ದರು. ತನ್ನ ಕವನಕ್ಕಾಗಿ ಯಾರಾದರೂ ಒಂದು ಸಲವಾದರೂ ಜಗಳವಾಡಿದ್ದರೆ! ಮಧುಶ್ರೀಗೆ ಮೈ ಪರಚಿಕೊಳ್ಳುವಂತಾಯಿತು.

ಆಗಲೇ ಅವಳು 'ನಿಷ್ಪಕ್ಷಪಾತಿ ಓದುಗ' ಎಂಬ ಹೆಸರಿನಲ್ಲಿ ಹೊಸ ಖಾತೆ ತೆರೆದದ್ದು. ಐದಕ್ಕೆ ಎರಡು ನಕ್ಷತ್ರ ಕೊಟ್ಟು ಹೀಗೆ ಬರೆದಳು:

"ಲೇಖಕಿಗೆ ಇತಿಹಾಸಪ್ರಜ್ಞೆ ಇಲ್ಲ. ಸಾಹುಕಾರನ ಮಗಳು ಬಾಡಿಗೆಯ ಗಂಡನಿಗೆ ಸತ್ತ ಅಪ್ಪನ ಮೆಟ್ಟು ತೊಡಿಸಿ ಬಂದರಿಗೆ ಕಳಿಸುತ್ತಾಳಂತೆ. ಅವು ಅಳತೆಗೆ ಸಣ್ಣವಾಗಿ, ಕಚ್ಚಿ, ರಕ್ತ ಬಂದರೂ ಅವನು ಬಾಯಿಬಿಡದೆ ದಿನವಿಡೀ ನಡೆಯುತ್ತಾನಂತೆ. ಸಂಜೆ ಅವಳು ಮಾತಿಲ್ಲದೆ ಬಿಸಿನೀರು ತಂದು ಕಾಲು ತೊಳೆದು, ಮರುದಿನ ಅಪ್ಪನ ಮೆಟ್ಟನ್ನೇ ಕೊಯ್ಯಿಸಿ ಅವನ ಅಳತೆಗೆ ಹೊಲಿಸುತ್ತಾಳಂತೆ. ಇದು ಸಾಹಿತ್ಯವಲ್ಲ, ಅಗ್ಗದ ಕಣ್ಣೀರು."

ಕಳಿಸಿದ ಮೇಲೆ ಜೀವಕ್ಕೆ ಎಷ್ಟು ಹಾಯೆನಿಸಿತೆಂದರೆ, ಸಾಹಿಲ್ ತಂದುಕೊಟ್ಟ ಸಮೋಸಾ ಎರಡನ್ನೂ ತಿಂದಳು.

ಸಂಜೆಗೆ ಪ್ರತಿಕ್ರಿಯೆಗಳು ಬಂದಿದ್ದವು.

"ಇದು ಯಾವ ಅಧ್ಯಾಯ ಸರ್? ನಾನು ಎರಡು ಸಲ ಓದಿದ್ದೇನೆ, ಮೆಟ್ಟಿನ ಸುದ್ದಿಯೇ ಇಲ್ಲ."

"ಬಯ್ಯುವವರು ಪುಸ್ತಕ ಓದಿಯಾದರೂ ಬಯ್ಯಬೇಕಪ್ಪ."

"ಇಲ್ಲದಿದ್ದರೂ ಎಂಥ ಚಂದದ ದೃಶ್ಯ! ಲೇಖಕಿಯವರೇ, ಇದು ನಿಮ್ಮದಾ? ನಿಮ್ಮದಾದರೆ ದಯವಿಟ್ಟು ಹಾಕಿ!"

ಮಧುಶ್ರೀ ಗಡಬಡಿಸಿ ಒಂಬತ್ತನೆಯ ಅಧ್ಯಾಯ ತೆರೆದಳು. ಮೆಟ್ಟು ಇರಲಿಲ್ಲ. ಇರುವುದಾದರೂ ಹೇಗೆ? ತೆಗೆಸಿದವಳು ಅವಳೇ. ನೋಟ್‌ಬುಕ್ಕಿನಲ್ಲಿ ಆ ಪುಟ ಓದಿದ ದಿನ ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನ ಎ.ಸಿ. ಹಾಕಿಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅತ್ತು, ಮುಖ ಒರೆಸಿಕೊಂಡು, ಇಂಥದ್ದೊಂದು ತನ್ನ ಮೂರು ಸಂಕಲನಗಳಲ್ಲಿ ಎಲ್ಲೂ ಇಲ್ಲವೆಂದು ಅರಿವಾಗಿ, ಅಂಚಿನಲ್ಲಿ ಬರೆದಿದ್ದಳು: 'ಕಥೆಯ ಓಟಕ್ಕೆ ಅಡ್ಡಿ. ತೆಗೆಯಿರಿ.' ಆನ್ಸಿ ಮರುಮಾತಿಲ್ಲದೆ ತೆಗೆದಿದ್ದಳು. ಈಗ ಬಯ್ಯಲು ಕೂತಾಗ, ಇಡೀ ಪುಸ್ತಕದಲ್ಲಿ ಮನಸ್ಸಿಗೆ ಮೊದಲು ಬಂದದ್ದು, ಪುಸ್ತಕದಲ್ಲಿ ಇಲ್ಲದ ಆ ಪುಟವೇ.

ಬರೆದದ್ದನ್ನು ಅಳಿಸಿದಳು. ಆದರೆ ಅಷ್ಟರಲ್ಲಿ ಬುಸೈತೀನ್ ಬಡಾವಣೆಯ ಜೋಸೆಫಿನ್ ಆಂಟಿ ಅದರ ಚಿತ್ರ ಹಿಡಿದು ಓದುಗರ ಬಳಗದ ಗುಂಪಿಗೆ ಹಾಕಿಯಾಗಿತ್ತು. ಕೆಳಗೆ, "ಯಾರು ಈ ಪುಣ್ಯಾತ್ಮ?" ಎಂಬ ಪ್ರಶ್ನೆ. ಆ ದೃಶ್ಯವನ್ನು ಕಂಡವರು ಜಗತ್ತಿನಲ್ಲಿ ಇಬ್ಬರೇ, ಬರೆದವಳು ಮತ್ತು ತಾನು. ಆನ್ಸಿಗೆ ಗೊತ್ತಾಗಿರುವುದರಲ್ಲಿ ಸಂಶಯವೇ ಇರಲಿಲ್ಲ. ಅವಳು ಒಂದು ಮಾತು ಆಡಿದರೆ ಸಾಕು, ಒಂಬತ್ತು ವರ್ಷದ ಸಾಹಿತಿಯ ಮರ್ಯಾದೆ ಬೀದಿಪಾಲು.

ಆನ್ಸಿ ಏನೂ ಹೇಳಲಿಲ್ಲ. ಬುಧವಾರ ಆ ದೃಶ್ಯವನ್ನು ಒಂಬತ್ತನೆಯ ಅಧ್ಯಾಯಕ್ಕೆ ಸೇರಿಸಿ, ಕೊನೆಯಲ್ಲಿ ಒಂದು ಸಾಲು ಬರೆದಳು: 'ನಾನೇ ಬಿಸಾಡಿದ್ದನ್ನು ನೆನಪಿಟ್ಟುಕೊಂಡ ನಿಷ್ಪಕ್ಷಪಾತಿ ಓದುಗರಿಗೆ ಕೃತಜ್ಞತೆ.' ಅವತ್ತೊಂದೇ ದಿನ ಎಂಟು ಸಾವಿರ ಜನ ಅದನ್ನು ಓದಿದರು. ತೀರ್ಥಹಳ್ಳಿಯ ಟೀಚರು ತರಗತಿಯಲ್ಲೇ ಕಣ್ಣೀರು ಬಂತೆಂದಳು. ಜಗಳವಾಡಿದ ಗೃಹಿಣಿಯರಿಬ್ಬರೂ ರಾಜಿಯಾದರು. ಸಮರ್ಥ ಊಟಕ್ಕೆ ಕೂತವನು ಪುಟವನ್ನು ಗಟ್ಟಿಯಾಗಿ ಓದಿ, "ಇಂಥದ್ದನ್ನ ಬಿಟ್ಟಿದ್ಲಲ್ಲ ಇವಳು! ಯಾರೋ ತಲೆ ಕೆಟ್ಟೋರು ತೆಗೆಸಿರ್ಬೇಕು" ಎಂದ.

"ಸಾರು ಆರ್ತಿದೆ, ಊಟ ಮಾಡಿ" ಎಂದಳು ಮಧುಶ್ರೀ.

ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಜೋಸೆಫಿನ್ ಆಂಟಿಯ ಮನೆಯಲ್ಲಿ ಬಳಗದ ಕೂಟ. ತಲೆನೋವೆಂದು ತಪ್ಪಿಸಿಕೊಂಡರೆ ಅನುಮಾನ ಬರುತ್ತದೆಂದು ಮಧುಶ್ರೀ ಹೊರಟಳು. ಚರ್ಚಿನ ಪೂಜೆ ಮುಗಿಸಿ ಬಂದವರು, ಗೋಳಿಬಜೆ, ಚಹಾ, ನಡುವೆ 'ಕರಾರಿನ ಕಂಕಣ'. ಆನ್ಸಿ ಮೂಲೆಯ ಸೋಫಾದಲ್ಲಿ, ಪರರ ಮದುವೆಗೆ ಬಂದವಳಂತೆ ಮುದುಡಿ ಕೂತಿದ್ದಳು. ಪಕ್ಕದಲ್ಲಿ ಗಂಡ ಕೆನೆತ್.

ಜೋಸೆಫಿನ್ ಆಂಟಿಯ ಗಂಡ ಲ್ಯಾನ್ಸಿ ಅಂಕಲ್ ಮೊದಲು ಬಾಯಿ ತೆರೆದರು. "ನಮ್ಮದೂ ಒಂದು ನಮೂನೆ ಕರಾರಿನ ಮದುವೆಯೇ. ಇವಳಿಗೆ ವೀಸಾ ಇತ್ತು, ನನಗೆ ಮೀಸೆ ಮಾತ್ರ ಇತ್ತು."

"ಸಾಕು, ಕೂತ್ಕೊಳ್ಳಿ! ಮಕ್ಕಳ ಎದುರು ಮಾತಾಡುವ ಕ್ರಮವಾ ಇದು?" ಆಂಟಿ ಗದರಿದರೂ ಮುಖ ಕೆಂಪಾಗಿತ್ತು.

"ಅದಿರ್ಲಿ. ಆ ನಿಷ್ಪಕ್ಷಪಾತಿ ಯಾರೂಂತ ನಾನೀಗ ಹಿಡೀತೇನೆ ನೋಡಿ" ಎಂದರು ಅಂಕಲ್. "ಪುಸ್ತಕದಲ್ಲಿ ಇಲ್ಲದ್ದು ಅವನಿಗೆ ಹೇಗೆ ಗೊತ್ತಾಯ್ತು? ನೋಟ್‌ಬುಕ್ಕು ಓದಿದವನೇ ಆಗ್ಬೇಕು. ಕೆನೆತ್, ನೀನಾ?"

"ಅಯ್ಯೋ ಅಂಕಲ್, ಮುಂಬೈಯಲ್ಲಿ ಬೆಳೆದವ ನಾನು, ಕನ್ನಡ ಅಕ್ಷರವೇ ಬರುದಿಲ್ಲ. ಇವಳು ಓದಿ ಹೇಳಿದ್ರೆ ನನಗೆ ನಿದ್ದೆ ಬರ್ತದೆ."

ಎಲ್ಲರೂ ನಕ್ಕರು. ಮಧುಶ್ರೀಗೆ ಮಾತ್ರ ಸುಮ್ಮನಿರಲಾಗಲಿಲ್ಲ. "ನಾನಂತೂ ಆ ಆ್ಯಪೇ ಹಾಕ್ಕೊಂಡಿಲ್ಲಪ್ಪ" ಎಂದುಬಿಟ್ಟಳು. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

"ಹಾಕ್ಕೊಂಡಿದ್ದೀಯಲ್ಲೇ, ಮೊನ್ನೆ ನಿನ್ನ ಫೋನಲ್ಲಿ ನೋಡ್ದೆ" ಎಂದ ಸಮರ್ಥ. ಅವನು ಯಾವತ್ತೂ ಸತ್ಯವಂತ.

ಲ್ಯಾನ್ಸಿ ಅಂಕಲ್ ಕನ್ನಡಕದ ಮೇಲಿಂದ ಮಧುಶ್ರೀಯನ್ನು ನೋಡಿದರು. ಕೋಣೆಯ ನಗು ಮೆಲ್ಲಗೆ ಇಳಿಯಿತು.

"ಅಂಕಲ್, ನೋಟ್‌ಬುಕ್ಕು ಆರು ತಿಂಗಳು ನಮ್ಮ ವಾರ್ಡಿನ ಸ್ಟಾಫ್ ರೂಮಲ್ಲಿ ಬಿದ್ದಿತ್ತು" ಎಂದಳು ಆನ್ಸಿ, ತಲೆ ಎತ್ತದೆ. "ಅಲ್ಲಿ ನಮ್ಮೂರಿನವ್ರು ಎಷ್ಟು ಜನ ಉಂಟು. ಯಾರು ಬೇಕಾದ್ರೂ ಓದಿರ್ಬಹುದು."

"ಹಾಗಾದ್ರೆ ಸಿಕ್ಕುವ ಮೀನಲ್ಲ ಅದು" ಎಂದು ಅಂಕಲ್ ಗೋಳಿಬಜೆಗೆ ಕೈ ಹಾಕಿದರು. ಮಾತು ಬೇರೆ ಕಡೆಗೆ ಹೊರಳಿತು.

ಆ ಆರು ತಿಂಗಳು ನೋಟ್‌ಬುಕ್ಕು ಎಲ್ಲಿತ್ತೆಂದು ಇಬ್ಬರಿಗೇ ಗೊತ್ತಿತ್ತು. ಬಯ್ದಿದ್ದರೆ ಮಧುಶ್ರೀ ತಿರುಗಿ ಬಯ್ಯುತ್ತಿದ್ದಳು, ಅದು ಅವಳಿಗೆ ಬರುವ ವಿದ್ಯೆ. ಕಾಪಾಡಿದ್ದನ್ನು ಮಾತ್ರ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಬರೆಯುವುದರಲ್ಲಿ ಹಿಂದೆ ಹಾಕಿದ್ದು ಸಾಲದೆಂದು ದೊಡ್ಡ ಮನಸ್ಸಿನಲ್ಲೂ ಹಿಂದೆ ಹಾಕಬೇಕೇ ಇವಳು? ಆ ಕೃತಜ್ಞತೆಯ ಹೊತ್ತಿನಲ್ಲೂ ಅವಳಿಗೆ ಮೊದಲು ಬಂದದ್ದು ಹೊಸ ಹೊಟ್ಟೆಕಿಚ್ಚೇ.

ಹೊರಡುವಾಗ ಆನ್ಸಿ ಲಿಫ್ಟಿನವರೆಗೆ ಜೊತೆಗೆ ಬಂದಳು. ಗಂಡಸರು ಇನ್ನೂ ಒಳಗೆ ಚಪ್ಪಲಿ ಹುಡುಕುತ್ತಿದ್ದರು.

"ಯಾಕೆ ಸುಳ್ಳು ಹೇಳ್ದೆ?" ಮಧುಶ್ರೀಯ ಧ್ವನಿ ಒರಟಾಗಿಯೇ ಬಂತು.

ಆನ್ಸಿ ಬ್ಯಾಗಿನಿಂದ ಹೊಸ ನೋಟ್‌ಬುಕ್ಕೊಂದನ್ನು ತೆಗೆದು ಚಾಚಿದಳು. "ಎರಡನೇದು ಬರೀತಾ ಇದ್ದೇನೆ ಅಕ್ಕ. ನೀವು ಓದ್ಬೇಕು."

"ನಿಂಗೆ ತಲೆ ಕೆಟ್ಟಿದ್ಯಾ? ನಾನು ಏನು ಮಾಡ್ದೆ ಅಂತ ಗೊತ್ತಿದ್ದೂ ನನ್ನ ಕೈಗೆ ಕೊಡ್ತೀಯಾ?" ಎಂದಳು. ಯಾವತ್ತೂ ಯಾರೆದುರೂ ಒಪ್ಪಿಕೊಳ್ಳದಿದ್ದದ್ದು ತಾನಾಗಿ ಹೊರಬಂತು. "ನಂಗೆ ಹೊಟ್ಟೆಕಿಚ್ಚು ಕಣೇ ಆನ್ಸಿ. ನಿನ್ನ ಹೆಸರು ಕೇಳಿದ್ರೆ ಉರಿಯುತ್ತೆ."

"ಗೊತ್ತುಂಟು. ಅದಕ್ಕೇ ಕೊಡುದು." ಆನ್ಸಿಯ ಮುಖದಲ್ಲಿ ನಗೆಯಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. "ನೀವು ತೆಗೀರಿ ಅಂದಾಗ ನಾನು ಎರಡು ದಿನ ಕೂತು ಅತ್ತಿದ್ದೆ ಅಕ್ಕ. ನಿಮ್ಮ ಮೇಲೆ ಸಿಟ್ಟು ಬರ್ಲಿಲ್ಲಾಂತ ಅಲ್ಲ, ಭಾರೀ ಬಂತು. ಆದ್ರೆ ಆಂಟಿಯಿಂದ ಹಿಡಿದು ಎಲ್ರೂ ಎಲ್ಲವೂ ಚಂದ ಉಂಟು ಅಂತಾರೆ. ಎಲ್ಲಿ ಚಂದ ಉಂಟು ಅಂತ ಒಬ್ರಿಗೂ ಹೇಳ್ಲಿಕ್ಕೆ ಬರುದಿಲ್ಲ. ಇನ್ನೂರು ಪುಟದಲ್ಲಿ ಸರಿಯಾಗಿ ಆ ಒಂದು ಪುಟಕ್ಕೆ ಕೈ ಹಾಕಿದವ್ರು ನೀವು ಮಾತ್ರ."

ಲಿಫ್ಟು ಬಂತು. ಮಧುಶ್ರೀ ನೋಟ್‌ಬುಕ್ಕು ಕಿತ್ತುಕೊಂಡಂತೆ ತೆಗೆದುಕೊಂಡು ಒಳಗೆ ನಡೆದಳು. ಧನ್ಯವಾದ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಸಮರ್ಥ ತರಕಾರಿ ತರಲು ಹೋದ ಮೇಲೆ ಕೂತು ಓದತೊಡಗಿದಳು. ಕೆಟ್ಟದಾಗಿರಲಿ ದೇವರೇ ಎಂದು ಬೇಡಿಕೊಂಡೇ ಓದಿದಳು. ಮೊದಲ ಅಧ್ಯಾಯ ಮುಗಿಯಿತು, ಜೀವ ತಂಪಾಗಿತ್ತು. ಎರಡು, ಮೂರು ಮುಗಿದವು. ಇಷ್ಟೇನಾ ಇವಳು ಎಂದು ಸಂತೋಷವೂ ಆಯಿತು. ನಾಲ್ಕನೆಯದರ ನಡುವೆ, ಕುರುಡಿ ಅತ್ತೆಯೊಬ್ಬಳು ಸೊಸೆಯ ಮುಖವನ್ನು ಮೊದಲ ಸಲ ಮುಟ್ಟಿ ನೋಡುವ ಕಡೆ, ಅವಳು ನಿಂತಳು. ಮತ್ತೊಮ್ಮೆ ಓದಿದಳು. ನೋಟ್‌ಬುಕ್ಕು ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಕಾರಣವಿಲ್ಲದೆ ತೊಳೆದ ಪಾತ್ರೆಗಳನ್ನೇ ತೊಳೆದಳು. ತಾನು ಇದನ್ನು ಬರೆಯಲಾರೆ. ಇನ್ನು ಹತ್ತು ವರ್ಷ ಕೂತರೂ ಬರೆಯಲಾರೆ. ಒದ್ದೆ ಕೈಯಲ್ಲೇ ಆನ್ಸಿಗೆ ಫೋನು ಮಾಡಿದಳು.

ಅತ್ತ ವಿಮಾನ ನಿಲ್ದಾಣದ ಪಕ್ಕದ ಅರಾದ್‌ನಲ್ಲಿ, ಆನ್ಸಿಯ ಮನೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಅಡಗುವವರೆಗೆ ಇಬ್ಬರೂ ಕಾದರು.

"ಮೊದಲ ಮೂರು ಅಧ್ಯಾಯ ಓದ್ದೆ" ಎಂದಳು ಮಧುಶ್ರೀ. "ಏನೂ ಆಗ್ಲಿಲ್ಲ ನಂಗೆ. ಹಾಯಾಗಿದ್ದೆ."

"ಹೌದಾ? ಹಾಗಾದ್ರೆ ಅವನ್ನು ಹರಿದು ಬಿಸಾಡ್ತೇನೆ. ನಾಲ್ಕನೇದು?"

ಮಧುಶ್ರೀ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಅಕ್ಕ, ಉರೀತಾ?"

"ಉರೀತು ಕಣೇ" ಎಂದಳು ಮಧುಶ್ರೀ. "ಒಂದಕ್ಷರ ಮುಟ್ಟಬೇಡ."