ಮಂಡಕ್ಕಿಯ ಗೆರೆ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೀರಪ್ಪ ತಮ್ಮನ ಚಟ್ಟಕ್ಕೆ ಕೊನೆಯ ಗಂಟು ಬಿಗಿಯುತ್ತ ಹೇಳಿದ, "ಹತ್ತರೊಳಗೆ ಮಣ್ಣು ಮಾಡ್ಬೇಕು. ಯಾರಿಗೂ ಕಾಯೋದಿಲ್ಲ."

"ನನಗೂ ಅದೇ ಬೇಕಾಗಿರೋದು ಭಾವ," ಎಂದಳು ಶೇಷಮ್ಮ. "ಮೂವತ್ತು ವರ್ಷ ನನ್ನ ಕಾಯಿಸಿದಾರೆ. ಇವತ್ತೊಂದಿನ ಆದ್ರೂ ಹೊತ್ತಿಗೆ ಸರಿಯಾಗಿ ಹೋಗ್ಲಿ."

ಅವಳ ಗಂಡ ಓಬಯ್ಯ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಮಲವಗೊಪ್ಪದ ಆಚೆ, ಹೊಲದ ಬದು, ಕಾಲುವೆ ಏರಿ, ಕುರುಚಲು ದಿಬ್ಬಗಳ ಮೇಲೆ ವರ್ಷಕ್ಕೊಮ್ಮೆ ಗುಡ್ಡಗಾಡು ಓಟ ಶುರು ಮಾಡಿದವನೇ ಅವನು. ಯಾರೂ ದಾರಿ ತಪ್ಪದಂತೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದ. ಓಟದ ದಿನ, ಎಲ್ಲರಿಗಿಂತ ಕೊನೆಯವರ ಹಿಂದೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಈ ಸಲದ ಓಟವೂ ಇವತ್ತೇ. ನಿನ್ನೆ ಗೆರೆ ಎಳೆದು ಮುಗಿಸಿ ಬಂದು ಜಗಲಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ಓಟ ನಿಲ್ಲಿಸಲೇ ಎಂದು ಅವನ ಜೊತೆಗಾರ ಸಿದ್ದು ಕೇಳಲು ಬಂದಿದ್ದ.

"ನಿಲ್ಸಿದ್ರೆ ಎದ್ದು ಕೂತ್ಕೊಂಡು ಬೈತಾರೆ ಮಾರಾಯ. ಓಡ್ಸು ಹೋಗು," ಎಂದಿದ್ದಳು ಶೇಷಮ್ಮ.

*

ಹಿಂದೊಂದು ವರ್ಷ ಮಗಳು ಮೈತ್ರಿಯ ನಿಶ್ಚಿತಾರ್ಥವೂ ಓಟದ ದಿನವೇ ಬಿದ್ದಿತ್ತು. ಗಂಡಿನ ಕಡೆಯವರು ಬಂದು ಕೂತಿದ್ದರು. ತಾಂಬೂಲ ಕೊಡಲು ಹೆಣ್ಣಿನ ಅಪ್ಪನೇ ಇಲ್ಲ. ಸಂಜೆ ನಾಲ್ಕಕ್ಕೆ ಓಬಯ್ಯ ಸುಣ್ಣದ ಕೈಯಲ್ಲೇ ಒಳಗೆ ಬಂದ.

"ಒಬ್ಬ ಬರ್ಲಿಲ್ಲ ಕಣೇ. ಅವನ ದಾರಿ ನೋಡ್ತಾ ನಿಂತಿದ್ದೆ."

ಆ ಒಬ್ಬ ಅರ್ಧಕ್ಕೇ ಓಟ ಬಿಟ್ಟು, ಬಸ್ ಹತ್ತಿ, ಆಯನೂರಿನ ತನ್ನ ಮನೆಯಲ್ಲಿ ಉಂಡು ಮಲಗಿದ್ದನಂತೆ. ಬೀಗರು ನಕ್ಕರು. ಶೇಷಮ್ಮ ಎಂಟು ದಿನ ಗಂಡನ ಜೊತೆ ಮಾತು ಬಿಟ್ಟಳು. ಅದು ಅವನಿಗೆ ಗೊತ್ತಾದದ್ದು ಆರನೆಯ ದಿನ.

*

ಚಟ್ಟ ಹೊರಟಿತು. ಬೀರಪ್ಪ ಮೊರದಿಂದ ಮಂಡಕ್ಕಿ ಎರಚುತ್ತ ಮುಂದೆ ನಡೆದ. ಕಾಲುವೆ ದಾಟಿ, ಓಟ ಮುಗಿಯುವ ಶಾಲೆ ಬಯಲಿನ ಆಚೆಗಿರುವ ಸ್ಮಶಾನದ ದಾರಿ ಹಿಡಿದಾಗ ಹಿಂದಿನಿಂದ ಏದುಸಿರು ಕೇಳಿಸಿತು.

ಅಂಗನವಾಡಿ ಟೀಚರ್ ಬಸವರಾಜೇಶ್ವರಿ. ಐವತ್ತು ದಾಟಿದ ಹೆಂಗಸು. ಚೂಡಿದಾರಕ್ಕೆ ನಂಬರ್ ಚೀಟಿ ಪಿನ್ ಮಾಡಿಕೊಂಡು, ನೆಲ ನೋಡಿಕೊಂಡೇ ಓಡಿ ಬಂದವಳು ಶೇಷಮ್ಮನಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದಳು.

"ಅಯ್ಯೋ ಶೇಷಕ್ಕ, ಸುಣ್ಣ ಅಂದ್ಕೊಂಡು ಇದನ್ನೇ ಹಿಡ್ಕೊಂಡು ಬಂದುಬಿಟ್ಟೆ."

"ಮಂಡಕ್ಕಿಗೂ ಸುಣ್ಣಕ್ಕೂ ವ್ಯತ್ಯಾಸ ಗೊತ್ತಾಗಲ್ವೇನೇ ಮಾರಾಯ್ತಿ?"

"ಕನ್ನಡಕ ಮನೇಲಿಟ್ಟು ಬಂದಿದೀನಿ." ಅವಳು ಚಟ್ಟದ ಕಡೆ ನೋಡಿದಳು. "ಈ ವರ್ಷ ಓಡಮ್ಮ, ಹಿಂದೆ ನಾನಿರ್ತೀನಿ ಅಂದಿದ್ರು. ಸಾಕು ಬಿಡಿ, ನಾನೂ ಮಣ್ಣಿಗೇ ಬರ್ತೀನಿ."

"ನಿನ್ನ ಹಿಂದೆ ಯಾರಿದಾರೆ?"

"ಯಾರಿಲ್ಲ. ನಾನೇ ಕೊನೆ."

"ಹತ್ತಾಯ್ತು, ನಡೀರಿ," ಮುಂದಿನಿಂದ ಬೀರಪ್ಪ ಗದರಿದ.

ಶೇಷಮ್ಮ ಹಲ್ಲು ಕಚ್ಚಿದಳು. ಸ್ಮಶಾನದ ಬೇಲಿ ಅಲ್ಲೇ ಕಾಣುತ್ತಿತ್ತು.

"ನಿಲ್ಸಿ ಭಾವ."

"ಈಗೇನಮ್ಮ ಮತ್ತೆ?"

"ಇವಳು ಮುಂದೆ ಹೋಗ್ಲಿ. ಇಲ್ಲದಿದ್ರೆ ಆ ಮನುಷ್ಯ ಅಲ್ಲೂ ದಾರಿ ನೋಡ್ತಾ ನಿಂತ್ಕೋತಾರೆ." ಬಸವರಾಜೇಶ್ವರಿಯ ಬೆನ್ನಿಗೆ ಕೈಯಿಟ್ಟು ನೂಕಿದಳು. "ಬಯಲು ಅಲ್ಲೇ ಇದೆ. ಓಡು. ಅರ್ಧಕ್ಕೆ ಬಿಟ್ಟು ಬಸ್ ಗಿಸ್ ಹತ್ತಿದ್ರೆ ನೋಡು."

ಹೊತ್ತವರು ಗೊಣಗುತ್ತ ದಾರಿಯ ಅಂಚಿಗೆ ಸರಿದು, ಹೆಗಲು ಬದಲಿಸಿಕೊಂಡರು. ಬಸವರಾಜೇಶ್ವರಿ ವೇಲನ್ನು ಸೊಂಟಕ್ಕೆ ಬಿಗಿದು, ಚಟ್ಟ ದಾಟಿ, ಕುಂಟುತ್ತ ಓಡಿದಳು. ಅವಳು ಬಯಲಿನ ಗೇಟು ಹೊಕ್ಕು, ಸಿದ್ದುವಿನ ಸೀಟಿ ಕೇಳಿಸುವ ತನಕ ಶೇಷಮ್ಮ ಯಾರನ್ನೂ ಕದಲಲು ಬಿಡಲಿಲ್ಲ.

ಆಮೇಲೆ ಬಸವರಾಜೇಶ್ವರಿಯ ಹಿಂದೆ, ಯಾವತ್ತಿನ ಹಾಗೆ ನಿಧಾನವಾಗಿ, ಓಬಯ್ಯ ಹೊರಟ. ಭಾನುವಾರ, ಹತ್ತು ಇಪ್ಪತ್ತಕ್ಕೆ.