ಮೂರನೇ ಹೊತ್ತು

ಪಟ್ಟಿಯಲ್ಲಿ ಅಕ್ಕನ ಮನೆ ಬಂತು. ಟ್ಯಾಬಿನಲ್ಲಿ ಮನೆ ನಂಬರು ನೋಡಿದ ಕೂಡಲೇ ನಾನು ಮೇಲ್ವಿಚಾರಕನಿಗೆ ಹೇಳಿದೆ, "ಸಾರ್, ಇದು ನಮ್ಮಕ್ಕನ ಮನೆ. ಬೇರೆ ಯಾರನ್ನಾದ್ರೂ ಕಳಿಸಿ."

"ಇವತ್ತು ಕೊನೇ ದಿನ ಕಣಯ್ಯಾ, ಎಲ್ಲಿಂದ ತರ್ಲಿ ಬೇರೆಯವರನ್ನ? ನಾನೂ ಬರ್ತೀನಿ, ನಡಿ."

ನಾವು ಅವನನ್ನು ಸರಾಸರಿ ಎಂದು ಕರೆಯುತ್ತಿದ್ದೆವು. ಚಹಾ ಕುಡಿದರೂ 'ಸರಾಸರಿ ಚೆನ್ನಾಗಿದೆ' ಎನ್ನುವ ಆಸಾಮಿ.

ರಾಜ್ಯದಲ್ಲಿ ನೂರಕ್ಕೆ ಎಷ್ಟು ಮಕ್ಕಳು ಬಡವರು ಎಂದು ಅಳೆಯುವ ಸಮೀಕ್ಷೆ ಅದು. ಹೋದ ಸಲ ಹತ್ತೂವರೆ ಬಂದಿತ್ತು. ಈ ಸಲ ಹತ್ತಕ್ಕಿಂತ ಇಳಿದರೆ ನಮ್ಮಂಥ ಓಣಿಗಳಲ್ಲಿ ಮಕ್ಕಳಿಗೆ ಮಧ್ಯಾಹ್ನ ಉಣ್ಣಲು ಹಾಕುವ ಅಡುಗೆಮನೆಗಳನ್ನು ಮುಚ್ಚುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನ ಇಬ್ಬರು ಹೆಣ್ಣುಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಿದ್ದದ್ದು ಅಲ್ಲಿ ಮಾತ್ರ.

ಅಕ್ಕ ನೆಲದ ಮೇಲೆ ಕೂತು ಕಾರ್ಖಾನೆಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ನನ್ನ ಹಿಂದೆ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಸರಾಸರಿಯನ್ನು ಕಂಡು ನಗು ಅರ್ಧಕ್ಕೇ ನಿಂತಿತು. ಹೋದ ವರ್ಷ ಮೇಲಿನ ಮನೆಯ ಬಟ್ಟೆ ಒಗೆಯುವವಳು ಇಂಥದೇ ಚೀಟಿಯವರ ಮುಂದೆ, ಮಗುವಿಗೆ ಉಣಿಸಲು ಏನೂ ಇಲ್ಲ ಎಂದು ಅತ್ತಿದ್ದಳು. ಎರಡೇ ವಾರಕ್ಕೆ ಜೀಪು ಬಂದು ಮಗುವನ್ನು ಬಾಲಮಂದಿರಕ್ಕೆ ಒಯ್ದಿತು. ಇವತ್ತಿಗೂ ವಾಪಸು ಕೊಟ್ಟಿಲ್ಲ. ಈ ಸಮೀಕ್ಷೆಯಲ್ಲಿ ಹೆಸರೇ ಇರುವುದಿಲ್ಲ ಎಂದು ನಾನು ಅಕ್ಕನಿಗೆ ಎಷ್ಟೋ ಸಲ ಹೇಳಿದ್ದೆ. "ಅವಳಿಗೂ ಹಂಗೇ ಹೇಳಿದ್ರು" ಎಂದು ಬಾಯಿ ಮುಚ್ಚಿಸಿದ್ದಳು.

"ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಊಟ?" ಓದಿದೆ.

"ಮೂರು."

"ಅಕ್ಕಾ..."

"ಮೂರು ಅಂದ್ನಲ್ಲೋ! ಕಿವಿ ಕೇಳ್ಸಲ್ವಾ?"

ಬಾಗಿಲ ಬಳಿ ಕೂತಿದ್ದ ಚಿಕ್ಕವಳು ತಲೆಯೆತ್ತಿದಳು. ಏಳು ವರ್ಷ ಅವಳಿಗೆ. "ಅಮ್ಮಾ, ಮೂರನೇದು ಯಾವಾಗ?"

ಸರಾಸರಿ ಹೋ ಎಂದು ನಕ್ಕ. "ಭಾರೀ ಬಾಯಿ ಇದರದ್ದು!" ಅಕ್ಕನೂ ನಕ್ಕಳು, ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡು. ಆಮೇಲೆ ಹಾಲು? ದಿನಾ. ಚಪ್ಪಲಿ? ಎರಡೆರಡು ಜೊತೆ. ಬರಿಗಾಲಿನ ಚಿಕ್ಕವಳು ತನ್ನ ಪಾದ ನೋಡಿಕೊಂಡಳು.

ಸರಾಸರಿ ಫೋನಿನಲ್ಲಿ ಮುಳುಗಿದ್ದಾಗ ನಾನು ಟ್ಯಾಬಿನಲ್ಲಿ ಗುರುತು ಹಾಕಿದೆ: ಎರಡು ಹೊತ್ತು. ಹಾಲು ಇಲ್ಲ. ಚಪ್ಪಲಿ ಇಲ್ಲ.

ನಾವು ಕಳ್ಳಾಟ ಆಡಬಾರದೆಂದು ಆ ಟ್ಯಾಬು ಆಗಾಗ ತನ್ನಷ್ಟಕ್ಕೆ ಮಾತು ರೆಕಾರ್ಡ್ ಮಾಡಿಕೊಳ್ಳುತ್ತದೆ. ಯಾವ ಪ್ರಶ್ನೆಗೆ ಎಂದು ನಮಗೆ ಹೇಳುವುದಿಲ್ಲ. ನಾಲ್ಕು ದಿನ ಬಿಟ್ಟು ಕಚೇರಿಗೆ ಕರೆಸಿದರು. ತಪಾಸಣೆಯ ಹೆಂಗಸು ಗುಂಡಿ ಒತ್ತಿದಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅಕ್ಕನ ದನಿ ಕೇಳಿಸಿತು.

"ಅವರು ಮೂರು ಅಂತಾರೆ. ನೀವು ಬರೆದಿರೋದು ಎರಡು."

"ಮುಂದೆ ಕೇಳಿ ಮೇಡಂ. ಮಗು ಏನಂತು ಅಂತ ಕೇಳಿ."

ಕೇಳಿದಳು. ಮುಖ ಒಂದಿಷ್ಟೂ ಅಲ್ಲಾಡಲಿಲ್ಲ. "ಹದಿನೈದು ತುಂಬದವರ ಉತ್ತರ ತಗೊಳ್ಳೋ ಹಾಗಿಲ್ಲ. ನಿಯಮ."

"ಅಳೀತಿರೋದು ಮಕ್ಕಳ ಬಡತನ ಅಲ್ವಾ? ಹಸಿದಿರೋದು ಯಾರ ಹೊಟ್ಟೆ, ನಿಮ್ದಾ?"

"ದನಿ ತಗ್ಗಿಸಿ."

ತಗ್ಗಿಸಲಿಲ್ಲ. ಮೇಜು ಗುದ್ದಿದೆ. ಅದರಿಂದ ಮೇಜಿಗೂ ಏನೂ ಆಗಲಿಲ್ಲ.

ಒಂದು ಮನೆಯಲ್ಲಿ ಸುಳ್ಳು ಬರೆದವನ ಯಾವ ಮನೆಯನ್ನೂ ನಂಬುವಂತಿಲ್ಲ, ಅದೂ ನಿಯಮವೇ. ನಾನು ಮಾಡಿದ್ದ ಅರವತ್ತು ಮನೆಗಳನ್ನೂ ರದ್ದು ಮಾಡಿ, ಫೋನಿನಲ್ಲಿ ಮತ್ತೆ ಕೇಳಿಸಿದರು. ಎತ್ತಿದವರು ಲೆಕ್ಕಕ್ಕೆ ಬಂದರು. ಫೋನೇ ಇಲ್ಲದವರು, ಕರೆನ್ಸಿ ಹಾಕಿಸಲಾರದೆ ನಂಬರು ಬಿಟ್ಟವರು ಲೆಕ್ಕದಿಂದಲೇ ಹೋದರು. ಆ ಅರವತ್ತರಲ್ಲಿ ಅಂಥವರೇ ಹೆಚ್ಚು. ಅಕ್ಕನಿಗೆ ಫೋನು ಬಂತು. ಮೂರು ಅಂದಳು.

ರಾಜ್ಯದ ಅಂಕಿ ಒಂಬತ್ತು ಮುಕ್ಕಾಲು. ಅದು ನನ್ನೊಬ್ಬನಿಂದ ಇಳಿಯಿತು ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಇಲ್ಲದ ಊಟವನ್ನು ಇಲ್ಲ ಎಂದು ಬಾಯಿಬಿಟ್ಟು ಹೇಳಿದ್ದ ಮನೆಗಳನ್ನು ಅಳಿಸಿಹಾಕಿದ್ದು ನನ್ನ ಕೈ.

ತಿಂಗಳೊಳಗೆ ಅಡುಗೆಮನೆ ಮುಚ್ಚಿತು. ನಾನು ಹೋದಾಗ ಅಡುಗೆಯಾಕೆ ದೊಡ್ಡ ಪಾತ್ರೆಗಳನ್ನು ಲಾರಿಗೆ ಎತ್ತಿಹಾಕುತ್ತಿದ್ದಳು. "ನನ್ನನ್ನ ಯಾಕೋ ದುರುಗುಟ್ಟಿ ನೋಡ್ತೀಯಾ? ನನ್ನ ಕೆಲಸಾನೂ ಹೋಯ್ತು" ಎಂದಳು. ಅಕ್ಕ ತಟ್ಟೆ ಹಿಡಿದಿದ್ದ ಮಕ್ಕಳ ಜೊತೆ ನಿಂತಿದ್ದಳು. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಮಕ್ಕಳನ್ನ ಕೇಳ್ಕೊಂಡು ಯಾರೂ ಬರಲ್ಲ ತಾನೇ?"

"ಯಾಕ್ ಬರ್ತಾರೆ ಅಕ್ಕ? ಅವರ ಲೆಕ್ಕದಲ್ಲಿ ನಿನ್ನ ಮಕ್ಕಳು ಬಡವರೇ ಅಲ್ಲ."

"ಬದುಕಿದೆ ಕಣೋ" ಎಂದು ಉಸಿರು ಬಿಟ್ಟಳು. ತಟ್ಟೆಗಳನ್ನು ಮಕ್ಕಳ ಕೈಯಿಂದ ತೆಗೆದು ಕಂಕುಳಲ್ಲಿ ಇರುಕಿಕೊಂಡು, ಇಬ್ಬರನ್ನೂ ಮನೆ ಕಡೆ ನಡೆಸಿಕೊಂಡು ಹೋದಳು.