ಹೊಸ ಬಲ್ಬುಗಳ ಲಾರಿ

ಲಾರಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಗಡಿಬಿಡಿ ಅಂತಲೇ ಕರೆಯುತ್ತಿದ್ದರು. ಚಹಾ ಆರುವಷ್ಟು ಹೊತ್ತೂ ಕಾಯಲಾರದೆ ದಿನಾ ನಾಲಿಗೆ ಸುಟ್ಟುಕೊಳ್ಳುವ ಆಸಾಮಿ. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಮನೆಯ ಲಾರಿಯನ್ನು ಅವನೂ ಅವನ ತಂಗಿಯೂ ಸರದಿಯ ಮೇಲೆ ಓಡಿಸುತ್ತಿದ್ದರು.

ಹಳೇ ಬಲ್ಬುಗಳು ಮೇಲಿಂದ ಮೇಲೆ ಸುಟ್ಟು ಹೋಗುತ್ತವೆ ಅಂತ ಇಂಡಿಕೇಟರ್‌ಗಳಿಗೂ ಕ್ಯಾಬಿನ್ನಿನ ದೀಪಕ್ಕೂ ಎಲ್‌ಇಡಿ ಹಾಕಿಸಿದರು. ಒಳಗಿನ ದೀಪ ಹೊತ್ತಿಸಿ ನೋಡಿದ ತಂಗಿ ಕಣ್ಣು ಮುಚ್ಚಿಕೊಂಡಳು. “ಏನಣ್ಣ ಇದು, ಇಲ್ಲೇನು ಆಪರೇಷನ್ ಮಾಡ್ತೀಯಾ?”

ಆದರೆ ಇಂಡಿಕೇಟರ್ ಹಾಕಿದರೆ ಅದು ನಿಧಾನಕ್ಕೆ ಮಿನುಗುವ ಬದಲು ಪಟಪಟ ಬಡಿದುಕೊಳ್ಳತೊಡಗಿತು.

“ಎಲ್‌ಇಡಿ ಕರೆಂಟ್ ಕಮ್ಮಿ ಎಳೆಯುತ್ತೆ,” ಎಂದ ಎಲೆಕ್ಟ್ರಿಷಿಯನ್. “ಬಲ್ಬೇ ಹೋಗಿದೆ ಅಂತ ಇಂಡಿಕೇಟರ್ ಮಿನುಗಿಸೋ ಹಳೇ ಫ್ಲ್ಯಾಷರ್‌ಗೆ ಗಾಬರಿ. ಇದಕ್ಕೆ ಹೊಂದೋ ಫ್ಲ್ಯಾಷರ್ ನಾಳೆ ಮಧ್ಯಾಹ್ನದೊಳಗೆ ತರಿಸ್ತೀನಿ, ತಡ್ಕೊಳ್ಳಿ.”

ಗಡಿಬಿಡಿ ತಡೆದುಕೊಳ್ಳುತ್ತಾನೆಯೇ? ಮರುದಿನ ಬೆಳಿಗ್ಗೆಯೇ ಒಂದು ಹಾಸ್ಟೆಲ್ಲಿಗೆ ಫೋಮಿನ ಹಾಸಿಗೆ ಸಾಗಿಸುವುದಿತ್ತು. ಸ್ಪೇರ್ ಅಂಗಡಿಯಿಂದ ರೆಸಿಸ್ಟರ್‌ಗಳನ್ನು ತಂದ. ಹಳೇ ಬಲ್ಬಿನಷ್ಟೇ ಕರೆಂಟ್ ತಿಂದು ಫ್ಲ್ಯಾಷರನ್ನು ಸಮಾಧಾನ ಮಾಡುವ ಸಾಮಾನು ಅದು. ವೈರುಗಳಿಂದ ದೂರ, ಬರೀ ಕಬ್ಬಿಣದ ಮೇಲೆ ಸ್ಕ್ರೂ ಹಾಕಿ ಕೂರಿಸಬೇಕು. ಅವನು ಎಡಗಡೆ ಸೀಟಿನೆದುರಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಹಿಂದಿನ ವೈರಿನ ಕಟ್ಟಿಗೇ ಅವನ್ನು ಬಿಗಿದು, ಮುಚ್ಚಳ ಹಾಕಿಬಿಟ್ಟ. ಇಂಡಿಕೇಟರ್ ಸರಿಯಾಯಿತು.

“ಬಿಸಿಯಾಗಲ್ವಾ ಅದು?” ತಂಗಿ ಕೇಳಿದಳು.

“ತಿರುವಿನಲ್ಲಿ ನಾಲ್ಕು ಸಲ ಮಿನುಗುತ್ತೆ. ಅಷ್ಟಕ್ಕೆ ಏನು ಬಿಸಿ? ನೀನೊಬ್ಬಳು!”

ಮರುದಿನ ಹಾಸಿಗೆ ತುಂಬಿಕೊಂಡು ಇಬ್ಬರೂ ಹೊರಟರು. ಬೆಟ್ಟ ಹತ್ತುವ ತನಕ ಬಿಸಿಲಿತ್ತು. ಇಳಿಯಲು ಶುರು ಮಾಡಿದಾಗ ಮಂಜು ಕವಿಯಿತು, ಎದುರಿನ ರಸ್ತೆ ನಾಲ್ಕು ಮಾರು ಕೂಡ ಕಾಣದಷ್ಟು. ಅಣ್ಣ ಗೇರ್ ಇಳಿಸಿ, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವಂತೆ ಸ್ವಿಚ್ ಒತ್ತಿದ. ಹಿಂದೆ ಒಂದು ಬಸ್ಸು ಬರುತ್ತಿತ್ತು. ಅದರ ಹಾರ್ನ್ ಮಾತ್ರ ಕೇಳಿಸುತ್ತಿತ್ತು.

ಸ್ವಲ್ಪ ಹೊತ್ತಿಗೆ ತಂಗಿ ಮೂಗು ಅರಳಿಸಿದಳು. “ಸುಟ್ಟ ವಾಸನೆ.”

“ಇಳಿಜಾರಲ್ವಾ, ಬ್ರೇಕ್ ಲೈನರ್ ಬಿಸಿಯಾಗಿದೆ.”

“ಬ್ರೇಕಿನ ವಾಸನೆ ನಂಗೊತ್ತಿಲ್ವಾ? ಇದು ಪ್ಲಾಸ್ಟಿಕ್ಕು.” ಮೊಣಕಾಲ ಮುಂದಿನ ಮುಚ್ಚಳದ ಮೇಲೆ ಕೈಯಿಟ್ಟವಳು ಚಟ್ಟನೆ ತೆಗೆದಳು. “ಅಣ್ಣಾ, ಆಫ್ ಮಾಡು ಅದನ್ನ! ರೆಸಿಸ್ಟರ್ ಕಾದು ಕೆಂಡ ಆಗಿದೆ.”

“ಆಫ್ ಮಾಡಿದ್ರೆ ಹಿಂದಿನ ಬಸ್ಸು ನಮ್ಮ ಮೇಲೇ ಬರುತ್ತೆ!”

“ಮಾಡ್ತೀಯೋ ಇಲ್ವೋ?”

ಅವನು ಉತ್ತರ ಕೊಡುವ ಮೊದಲೇ ಅವಳೇ ಕೈ ಚಾಚಿ ಸ್ವಿಚ್ ಒತ್ತಿದಳು. ಆದರೆ ತಡವಾಗಿತ್ತು. ವೈರುಗಳು ಆಗಲೇ ಮೈ ಕರಗಿ ಒಂದಕ್ಕೊಂದು ತಾಗಿದ್ದವು. ಹಾರ್ನ್ ತನ್ನಷ್ಟಕ್ಕೆ ಕಿರುಚಲು ಶುರುಮಾಡಿತು. ಹೆಡ್‌ಲೈಟ್ ಆರಿತು. ಮುಚ್ಚಳದ ಸಂದಿಯಿಂದ ಕಪ್ಪು ಹೊಗೆ ನುಗ್ಗಿ ಗಾಜನ್ನೆಲ್ಲ ಮುಚ್ಚಿತು.

ಅವನ ಕಣ್ಣಲ್ಲಿ ನೀರು. ಹೊರಗೆ ಮಂಜು, ಒಳಗೆ ಹೊಗೆ, ಬೆನ್ನ ಹಿಂದೆ ಬೆಂಕಿ ಕಂಡರೆ ಸಾಕು ಹೊತ್ತಿಕೊಳ್ಳುವಂಥ ಹಾಸಿಗೆಗಳು. ಎಡಕ್ಕೆ ಕಂದಕ. “ನಂಗೇನೂ ಕಾಣ್ತಿಲ್ಲ,” ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಅಲ್ಲೇ ನಿಂತರೆ ಬಸ್ಸು ಬಂದು ಗುದ್ದುತ್ತಿತ್ತು. ತಂಗಿ ಕಿಟಕಿ ಇಳಿಸಿ ಸೊಂಟದ ತನಕ ಹೊರಗೆ ಬಾಗಿದಳು. ರಸ್ತೆಯಂಚಿನ ಬಿಳಿ ಗೆರೆ ಚಕ್ರದ ಪಕ್ಕದಲ್ಲಿ ಮಸುಕಾಗಿ ಕಂಡಿತು.

“ನಾನು ಹೇಳಿದ ಹಾಗೆ ತಿರುಗಿಸು. ನೇರ... ನೇರ... ಬಲಕ್ಕೆ ಸ್ವಲ್ಪ! ಸಾಕು, ಸಾಕು!”

ಅವನು ಕೆಮ್ಮುತ್ತಾ ತಿರುಗಿಸಿದ. ಮುಂದೆ ಎಲ್ಲೋ ಲಾರಿಗಳು ನಿಲ್ಲುವ ಅಗಲದ ಜಾಗವಿದೆ ಅಂತ ಇಬ್ಬರಿಗೂ ಗೊತ್ತಿತ್ತು. ಎಷ್ಟು ಮುಂದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಅವಳ ಮೊಣಕಾಲಿಗೆ ಶಾಖ ಬಡಿಯುತ್ತಿತ್ತು. ಕಾಲು ಎಳೆದುಕೊಂಡರೆ ಹಿಡಿತ ತಪ್ಪಿ ಹೊರಗೆ ಬೀಳುತ್ತಾಳೆ. ಹಲ್ಲು ಕಚ್ಚಿಕೊಂಡು ಹಾಗೇ ಇದ್ದಳು.

“ಗೆರೆ ಮುಗೀತು! ಜಲ್ಲಿ ಕಾಣ್ತಿದೆ, ಎಡಕ್ಕೆ ತಗೋ... ಇನ್ನೂ... ನಿಲ್ಸು!”

ಲಾರಿ ಜಲ್ಲಿಯ ಮೇಲೆ ಕರಕರ ಸದ್ದು ಮಾಡಿ ನಿಂತಿತು. ಅವನು ಎಂಜಿನ್ ಆರಿಸಿ ಹಾರಿ, ಬ್ಯಾಟರಿ ಪೆಟ್ಟಿಗೆಯ ಪಕ್ಕದ ಮೇನ್ ಸ್ವಿಚ್ ತಿರುಗಿಸಿದ. ಹಾರ್ನ್ ತಟ್ಟನೆ ಬಾಯಿ ಮುಚ್ಚಿತು. ಅಷ್ಟರಲ್ಲಿ ಬಸ್ಸು ಅವರ ಪಕ್ಕದಲ್ಲೇ ಗಾಳಿ ಬೀಸಿಕೊಂಡು ಹಾದುಹೋಯಿತು.

ಒಳಗೆ ತಂಗಿ ಬರಿಗೈಯಲ್ಲೇ ಮುಚ್ಚಳ ಕಿತ್ತಳು. ಹಿಂದೆ ಸಣ್ಣ ಜ್ವಾಲೆ ವೈರಿನ ಕಟ್ಟನ್ನು ನೆಕ್ಕುತ್ತಿತ್ತು. ಸೀಟಿನ ಕೆಳಗಿನ ಬೆಂಕಿ ಆರಿಸುವ ಸಿಲಿಂಡರ್ ಎಳೆದು, ಅದು ಬರಿದಾಗುವ ತನಕ ಪುಡಿ ಊದಿದಳು. ಕೆಳಗಿಳಿದಾಗ ಮುಖವೆಲ್ಲ ಬೆಳ್ಳಗಾಗಿತ್ತು. ಕರಗಿದ ಪ್ಲಾಸ್ಟಿಕ್ ಬಲ ಅಂಗೈಗೆ ಅಂಟಿತ್ತು.

ಅಣ್ಣ ಅವಳ ಕೈ ನೋಡಿದ. ನೀರಿನ ಕ್ಯಾನ್ ಎತ್ತಿಕೊಂಡು ಬಂದು ಆ ಕೈ ಮೇಲೆ ಸಣ್ಣಗೆ ಸುರಿಯುತ್ತಾ ಕೂತ.

“ಬೈಯೇ ಮಾರಾಯ್ತಿ,” ಎಂದ ಕೊನೆಗೆ.

“ಉರಿ ಕಮ್ಮಿಯಾಗ್ಲಿ, ಆಮೇಲೆ ಬೈತೀನಿ.”

ಅಣ್ಣ ಫೋನ್ ಮಾಡಿದ್ದಕ್ಕೆ, ಮಂಜು ತಿಳಿಯಾದ ಮೇಲೆ ಎಲೆಕ್ಟ್ರಿಷಿಯನ್ ಬೈಕಿನಲ್ಲಿ ಬಂದ. ಕರಕಲಾದ ಕಟ್ಟನ್ನು ಕಿತ್ತು ಹಾಕಿ, ಹೊಸ ವೈರ್ ಎಳೆದು, ಎಲ್‌ಇಡಿಯ ಫ್ಲ್ಯಾಷರ್ ಕೂರಿಸಿದ. ಕೆಲಸ ಮುಗಿಯುವ ತನಕ ಅವನು ಬಯ್ದದ್ದೆಲ್ಲವನ್ನೂ ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ.

ದಾರಿಯ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಹಾಸ್ಟೆಲ್ ತಲುಪಿದಾಗ ಸಂಜೆಯಾಗುತ್ತಿತ್ತು. ತಡವಾಯಿತೆಂದು ವಾರ್ಡನ್ ಗೊಣಗಿದರು. ಹಾಸಿಗೆಗಳಿಗೆ ಹೊಗೆಯ ವಾಸನೆ ಕೂಡ ತಾಗಿರಲಿಲ್ಲ. ಮೂರು ಮಹಡಿ, ಲಿಫ್ಟ್ ಇಲ್ಲ. ತಂಗಿ ಎಡಗೈಯಲ್ಲಿ ಒಂದನ್ನು ಎಳೆಯಲು ಹೋದಳು.

“ಮುಟ್ಟಬೇಡ,” ಎಂದ ಅಣ್ಣ. “ಅಲ್ಲಿ ಕೂತ್ಕೋ.”

ಅವಳು ಮೆಟ್ಟಿಲ ಮೇಲೆ ಕೂತಳು. ಅವನು ಒಂದೊಂದಾಗಿ ತಲೆಯ ಮೇಲೆ ಹೊತ್ತು, ಅವಳ ಕೈಗೆ ತಾಗದಂತೆ ಪ್ರತಿ ಸಲವೂ ಗೋಡೆಗೆ ಒತ್ತಿಕೊಂಡು, ನಿಧಾನವಾಗಿ ಹತ್ತಿ ಹೋದ.